ಅಕ್ಕನ ದೋಣಿಯ ಬಚ್ಚಲು

ಬಂದರಿನವರೆಲ್ಲ ಅವನನ್ನು ಕರೆಯುವುದೇ ಸಿಡುಕು ಮೇಸ್ತ್ರಿ ಎಂದು. ಕೋಪವೇನೋ ಮೂಗಿನ ತುದಿಯಲ್ಲೇ ಇತ್ತು. ಆದರೂ ಮೂವತ್ತು ವರ್ಷದಿಂದ ದೋಣಿಗಳ ಪೈಪು ಕೆಲಸಕ್ಕೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೈಸಿಕೊಂಡರೂ ಚಿಂತೆಯಿಲ್ಲ, ಅವನು ಮುಟ್ಟಿದ ಪೈಪು ಸೋರುವುದಿಲ್ಲ. ಅಂಥವನಿಗೆ, ಸ್ವಂತ ಅಕ್ಕ ವಾಸವಿರುವ ಹಾಯಿದೋಣಿಯ ಬಚ್ಚಲನ್ನು ಹೊಸದು ಮಾಡಿಸಿದ ಸುದ್ದಿ ತಿಂಗಳಾದ ಮೇಲೆ ಗೊತ್ತಾಯಿತು. ಅದೂ ದಾರಿಯಲ್ಲಿ ಸಿಕ್ಕ ಬಡಗಿಯಿಂದ!

"ಕನ್ನಡಿಗೆ ಅಡ್ಡ ಬರುತ್ತೆ ಅಂತ ನಿಮ್ಮ ಭಾವ ಒಂದು ಪೈಪು ಕತ್ತರಿಸಿ ಗಿಡ್ಡ ಮಾಡಿಸಿಬಿಟ್ರು. ನಾನು ಬೇಡ ಅಂದೆ," ಎಂದ ಬಡಗಿ.

ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಏರದೆ ಏನು? ದೋಣಿಯ ಬಚ್ಚಲಲ್ಲಿರುವ ಕಕ್ಕಸು ಮನೆಯದರಂತಲ್ಲ, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಸಮುದ್ರದ ನೀರು ತರುವ ಪೈಪು ಆ ಮಟ್ಟ ದಾಟಿ ಮೇಲೇರಿ, ಬಾಗಿ, ಕೆಳಗಿಳಿಯಬೇಕು. ಬಾಗಿದಲ್ಲಿ ಗಾಳಿಗೊಂದು ಕಿಂಡಿ ಇರಬೇಕು. ಅದಿಲ್ಲದಿದ್ದರೆ ಪಂಪು ನಿಲ್ಲಿಸಿದರೂ ನೀರು ತಾನಾಗಿ ಬರುತ್ತಲೇ ಇರುತ್ತದೆ. ಆಮೇಲೆ ಪ್ರತಿ ಸಲವೂ ನೆಲದಡಿಯ ವಾಲ್ವ್ ಮುಚ್ಚಬೇಕು. ಮರೆತರೆ ದೋಣಿ ಮುಳುಗಿತೆಂದೇ ಲೆಕ್ಕ.

ಅವನು ಹೋದಾಗ ಬೆಳಗಿನ ಹತ್ತು ಗಂಟೆ. "ಬಾರಪ್ಪ, ನೋಡು ಹೇಗಿದೆ!" ಎಂದು ಭಾವ ಬಾಗಿಲು ತೆರೆದರು. ಬಿಳಿ ಹಲಗೆ, ಆಳೆತ್ತರದ ಕನ್ನಡಿ, ಕೆಳಗೆ ಕಕ್ಕಸು ತುಂಬಿ ಹೊಸ ನೆಲದ ಮೇಲೆಲ್ಲ ನೀರು. ಮೇಸ್ತ್ರಿ ಧಡಕ್ಕನೆ ಮಂಡಿಯೂರಿ, ನೆಲದ ಮುಚ್ಚಳ ಎತ್ತಿ ವಾಲ್ವ್ ತಿರುಗಿಸಿದ.

"ಭಾವ, ಇದೇನಿದು?"

"ಅದಾ? ನಿನ್ನಕ್ಕ ಮುಚ್ಚೋದು ಮರೀತಾಳೆ. ನೂರು ಸಲ ಹೇಳಿದೀನಿ."

"ಮಂಡಿ ಬಗ್ಗದ ಹೆಂಗಸು ನೆಲಕ್ಕೆ ಕೂತು ಹೇಗ್ರೀ ಮುಚ್ತಾಳೆ? ನೀವಿಲ್ಲದಾಗ ಮುಳುಗಿದ್ರೆ?"

"ಅಷ್ಟೆಲ್ಲ ಆಗಲ್ಲ ಬಿಡಯ್ಯ. ಗೋಡೆ ಮೇಲೆ ಪೈಪು ಕಾಣಿಸ್ತಿದ್ರೆ ಚೆನ್ನಾಗಿರುತ್ತಾ?"

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!" ಎಂದು ಮೇಸ್ತ್ರಿ ತಿರುಪು ಬಿಚ್ಚಿ ಕನ್ನಡಿ ಕಿತ್ತು ಭಾವನ ಕೈಗಿತ್ತ. "ಹಿಡ್ಕೊಳ್ಳಿ. ನಿಮ್ಮ ಮುಖ ಸರಿಯಾಗಿ ನೋಡ್ಕೊಳ್ಳಿ."

ಮಧ್ಯಾಹ್ನದವರೆಗೆ ಅವನು ಬೈಯುತ್ತಲೇ ಕೆಲಸ ಮಾಡಿದ. ಅಂದದ ಹಲಗೆಗೆ ಮುಲಾಜಿಲ್ಲದೆ ತೂತು ಕೊರೆದು, ಪೈಪನ್ನು ಚಾವಣಿಯವರೆಗೆ ಏರಿಸಿ, ಬಗ್ಗಿಸಿ, ಬಾಗಿದಲ್ಲಿ ಗಾಳಿಗೆ ಕಿಂಡಿ ಇಟ್ಟು, ಕೆಳಗಿಳಿಸಿದ. ವಾಲ್ವ್‌ಗೆ ಉದ್ದನೆಯ ಸರಳು ಜೋಡಿಸಿದ. ಇನ್ನು ನಿಂತುಕೊಂಡೇ ತಿರುಗಿಸಬಹುದು. ಆಮೇಲೆ ಪಕ್ಕದ ಅಡುಗೆ ಮೂಲೆಯಲ್ಲಿ ಕುಳಿತಿದ್ದ ಅಕ್ಕನನ್ನು ಕೂಗಿದ.

"ಅಕ್ಕಾ, ಬಂದು ನೋಡೇ."

"ಆಮೇಲೆ ನೋಡ್ತೀನಿ ಬಿಡೋ. ನಂಗೀಗ ಬೇಕಾಗಿಲ್ಲ."

"ಬೆಳಗಿಂದ ಈ ಕಡೆ ಬಂದೇ ಇಲ್ವಲ್ಲ ನೀನು?"

"ನಿನ್ನೆ ಮಧ್ಯಾಹ್ನದಿಂದಲೇ ಬಂದಿಲ್ಲ." ಅಕ್ಕ ಸೆರಗಿನಿಂದ ತುಟಿ ಒರೆಸಿಕೊಂಡಳು. ತುಟಿ ಒಡೆದು ಬಿಳಿಚಿಕೊಂಡಿತ್ತು. "ಪ್ರತಿ ಸಲ ಇವರನ್ನ ಕರೆದರೆ ಗೊಣಗ್ತಾರೆ. ಹಾಗೇ ಬಿಟ್ರೆ ದೋಣಿ ಮುಳುಗುತ್ತೆ. ಅದಕ್ಕೇ ನೀರು ಕುಡಿಯೋದನ್ನೇ ಕಮ್ಮಿ ಮಾಡ್ಬಿಟ್ಟೆ ಕಣೋ."

ಹಾಗಾದರೆ ಬೆಳಿಗ್ಗೆ ವಾಲ್ವ್ ಮುಚ್ಚದೆ ಬಂದವರು ಯಾರು? ಮೇಸ್ತ್ರಿ ಭಾವನ ಮುಖ ನೋಡಿದ. ಭಾವ ನೆಲ ನೋಡಿದರು.

ಅಯ್ಯೋ, ಒಂದೇ ಬಂದರಿನಲ್ಲಿದ್ದುಕೊಂಡು ತಿಂಗಳಿಂದ ತಾನೂ ಇತ್ತ ತಲೆ ಹಾಕಲಿಲ್ಲವಲ್ಲ ಎಂದು ಮೇಸ್ತ್ರಿಗೆ ತನ್ನ ಮೇಲೇ ಸಿಟ್ಟು ಬಂತು. ಲೋಟದ ತುಂಬ ನೀರು ತಂದು ಅಕ್ಕನ ಮುಂದೆ ಹಿಡಿದ.

"ಕುಡಿ."

"ಈಗ ಬೇಡ್ವೋ..."

"ಕುಡಿ ಅಂದ್ನಲ್ಲ!"

ಆ ಕೂಗಿಗೆ ಪಕ್ಕದ ದೋಣಿಯವರು ಇಣುಕಿದರು. ಅಕ್ಕ ಗಟಗಟ ಕುಡಿದಳು. ಅವನು ಇನ್ನೊಂದು ಲೋಟ ತಂದ, ಮತ್ತೊಂದು ತಂದ. ಸ್ವಲ್ಪ ಹೊತ್ತಿಗೆ ಅವಳು ಗೋಡೆ ಹಿಡಿದು ಎದ್ದು, ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಂಪಿನ ಸದ್ದಾಯಿತು. ಸರಳು ತಿರುಗಿದ ಸದ್ದಾಯಿತು.

ಆಗ ಮೇಸ್ತ್ರಿ ಸ್ಟೂಲೊಂದನ್ನು ಎಳೆದು ಭಾವನೆದುರಿಗೆ ಇಟ್ಟ.

"ಈಗ ನೀವು ಕೂತ್ಕೊಳ್ಳಿ. ಅಕ್ಕ ಹೊರಗೆ ಬಂದ ತಕ್ಷಣ, ಬೆಳಿಗ್ಗೆ ಮುಚ್ಚದೆ ಬಂದೋರು ಯಾರು ಅಂತ ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ."