ನಾಲ್ಕನೇ ಮಹಡಿಗೆ ಮಾತ್ರ ದಪ್ಪ ವೈರು

ಸ್ನೇಹಿತರೇ, ಇವತ್ತು ಮಾದಾಪುರದಲ್ಲಿ ಒಂದು ವೈರಿಂಗ್ ಕೆಲಸ ನನ್ನ ಕೈತಪ್ಪುವುದರಲ್ಲಿತ್ತು. ಬೀದರ್ ಕಡೆಯ ರೇವಣಸಿದ್ದಪ್ಪನವರು ಅಲ್ಲಿ ಸಾಫ್ಟ್‌ವೇರ್ ಹುಡುಗರಿಗಾಗಿ ಹಾಸ್ಟೆಲ್ ಕಟ್ಟಿಸುತ್ತಿದ್ದಾರೆ. ಕೆಳಗಿನ ಮೂರು ಮಹಡಿ ಹುಡುಗರಿಗೆ, ನಾಲ್ಕನೆಯದು ತಮ್ಮ ಸಂಸಾರಕ್ಕೆ. ಎಲ್ಲ ಕೋಣೆಗಳಿಗೂ ಎಸಿ, ಗೀಸರ್ ಎಂದಿದ್ದರಿಂದ ಅವುಗಳಿಗೆ ನಾಲ್ಕು ಎಂಎಂ ತಾಮ್ರದ ವೈರ್ ಬರೆದುಕೊಟ್ಟೆ. ಅವರು ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಹುಡುಗರ ಕೋಣಿಗೆ ಒಂದೂವರೆ ಎಂಎಂ ಸಾಕ್ರಿ. ದಪ್ಪಂದು ನಮ್ಮ ಮಹಡಿಗಷ್ಟ ಹಾಕ್ರಿ."

"ಅದು ಲೈಟು, ಫ್ಯಾನಿಗೆ ಸಾಕ್ರಿ ಸಾವ್ಕಾರ್ರ. ಗೀಸರ್ ಹಚ್ಚಿದ್ರ ಗ್ವಾಡಿ ಒಳಗ ಕಾದು ಸುಡ್ತೈತಿ."

"ಅರೆ, ಆ ಹುಡುಗರು ದಿನಾ ಎಲ್ಲಿ ಜಳಕ ಮಾಡ್ತಾರ್ರಿ!"

"ಮಾಡಿದ ದಿನ ಬೆಂಕಿ ಹತ್ತಿದ್ರ ಮ್ಯಾಲಕ್ಕ ಏರ್ತೈತ್ರಿ. ಮ್ಯಾಲ ಮಲಗಿರೋರು ನೀವು."

ಅವರು ಮೆಟ್ಟಿಲ ಕಡೆ ನೋಡಿದರು. "ನಾವು ಎಲ್ಲಾರಕಿಂತ ಕೆಳಗ ಬಂದು ಇದ್ರ ಹೆಂಗ್ರಿ?"

ನಾನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. "ಒಂದೂವರೆ ಎಂಎಂ ಹಾಕೋದಾದ್ರ ಬ್ಯಾರೆಯವ್ರನ್ನ ನೋಡ್ಕೋರಿ. ಮತ್ತ, ಎಲ್ಲಾ ಮಹಡಿ ವೈರು ಬಂದು ಕೂಡೋ ಮೀಟರ್ ಬೋರ್ಡು ಕೆಳಗ ಐತಿ. ನಿಮ್ಮ ಮಂಚದ ಗ್ವಾಡಿಗೇ ಬರ್ತೈತಿ."

"ಭಾಳ ಅವಸರ ನಿಮಗ, ಕುಂದರ್ರಿ," ಎಂದು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ನಾಲ್ಕೂ ಮಹಡಿಗೆ ನಾಲ್ಕು ಎಂಎಂ ಎಂದು ತೀರ್ಮಾನವಾಯಿತು.

ನಾಳೆಯಿಂದ ಯಾರ ಕಟ್ಟಡಕ್ಕೇ ಹೋಗಲಿ, ಲೋಡ್ ಎಷ್ಟು ಎಂದು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ಮಾಲೀಕರು ಮಲಗುವುದು ಎಲ್ಲಿ ಎಂದು.