ಎರಡು ಬಾಣಲೆಯ ಎಳೆ

ಅರವತ್ತಾರನೇ ಇಸವಿ, ಮಾಘದ ಚಳಿ, ಶುಕ್ರವಾರ ಬೆಳಗಿನ ಐದು ಗಂಟೆ. ಶಿಡ್ಲಘಟ್ಟದ ಹಿಂದಿನ ಬೀದಿಯಲ್ಲಿ ಅಕ್ಕಯಮ್ಮನ ಒಲೆ ಆಗಲೇ ಉರಿಯುತ್ತಿದೆ. ಬಾಣಲೆಯ ಬಿಸಿನೀರಿನಲ್ಲಿ ರೇಷ್ಮೆ ಗೂಡುಗಳು ಕುಣಿಯುತ್ತವೆ, ಹಬೆಯಲ್ಲಿ ಕಣ್ಣಿಗೆ ಏನೂ ಕಾಣದು. ಹನ್ನೆರಡು ಗೂಡಿನ ಎಳೆ ಸೇರಿಸಿ ಒಂದು ನೂಲು ಬಿಚ್ಚುತ್ತಾರೆ. ಒಂದು ಎಳೆ ಮುಗಿದರೂ ಬೆರಳಿಗೆ ತಿಳಿಯುತ್ತದೆ. ಗಂಡ ಚರಕ ತಿರುಗಿಸುತ್ತಾರೆ. ಅಷ್ಟರಲ್ಲಿ ಗೋಡೆಯಾಚೆ ಝಣ್ ಎನ್ನುತ್ತದೆ.

“ಯಾವನೋ ತಟ್ಟೆ ಬೀಳಿಸ್ದ,” ಅನ್ನುತ್ತಾರೆ ಅಕ್ಕಯಮ್ಮ. ಮತ್ತೆ ಝಣ್. “ಅದನ್ನೇ ಇನ್ನೊಂದ್ಸಲ ಬೀಳಿಸ್ದ ನೋಡು.”

ಇವರಿಗೆ ನಲವತ್ತಾರು. ಸಾದಲಿಯಲ್ಲಿ ಹದಿನಾಲ್ಕಕ್ಕೆ ಬಾಣಲೆ ಮುಂದೆ ಕೂತವರು. ದಿನಕ್ಕೆ ಹತ್ತು ಕಿಲೋ ಗೂಡು. ಬೆರಳ ರೇಖೆ ಸವೆದು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿ ಬೀಳುತ್ತದೆ. ಇವರ ನೂಲು ಉಟ್ಟವರು ಊರೂರಲ್ಲಿದ್ದಾರೆ, ಹೆಸರು ಕೇಳಿದವರಿಲ್ಲ.

ಗೋಡೆಯಾಚೆ ನಲ್ಲಪ್ಪನ ಅಂಗಡಿ. ಕೈವಾರಕ್ಕೆ ಹೋಗುವ ಭಜನೆಯವರ ಹಾರ್ಮೋನಿಯಂ ರಿಪೇರಿ ಅವನ ಕೆಲಸ. ಅವನ ಹತ್ತಿರ ಚಿಕ್ಕಬಳ್ಳಾಪುರದ ಮದುವೆ ಬ್ಯಾಂಡಿನ ರಾಮಾಂಜಿನಪ್ಪ ಗಿಟಾರು, ಇಂಗ್ಲಿಷ್ ಹಾಡಿನ ಒಂದು ಗ್ರಾಮಫೋನ್ ತಟ್ಟೆ, ಅದನ್ನು ನುಡಿಸುವ ಪೆಟ್ಟಿಗೆ ಹಿಡಿದು ಬಂದಿದ್ದಾನೆ. ಹಾಡು ಶುರುವಾಗುವ ಮುಂಚೆ, ಹಲವು ಸ್ವರ ಒಟ್ಟಿಗೆ ಮೊಳಗುವ ಒಂದೇ ಏಟು ಕೇಳುತ್ತದೆ. ಅದನ್ನು ಹಾಗೇ ಕೇಳಿಸಿದರೆ ಬೆಂಗಳೂರಿನ ಆರ್ಕೆಸ್ಟ್ರಾಕ್ಕೆ ಸೇರಿಸಿಕೊಳ್ಳುತ್ತಾರಂತೆ. ಕೊಟ್ಟಿರುವುದು ಎರಡು ವಾರ, ಗುರುವಾರಕ್ಕೆ ಗಡುವು.

ಮುಳ್ಳು ಇಡುವುದು, ಎತ್ತುವುದು. ಹನ್ನೆರಡು ದಿನ ಇದೇ. ರಾಮಾಂಜಿನಪ್ಪನ ಬೆರಳಿನ ಚರ್ಮ ಸುಲಿಯುತ್ತದೆ. ನಲ್ಲಪ್ಪ ಹಾರ್ಮೋನಿಯಂನ ಒತ್ತುವ ಮನೆಗಳ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಒತ್ತಿದ್ದು ಒತ್ತಿದ ಹಾಗೇ ನಿಲ್ಲಿಸಿ, ಒಂದೊಂದೇ ಸ್ವರ ಹುಡುಕುತ್ತಾನೆ. ಎಂಟು ಸ್ವರ ಸಿಗುತ್ತವೆ. ಗಿಟಾರಿಗಿರುವುದು ಆರು ತಂತಿ. ನಿನಗೆ ಕಿವಿ ಕೆಟ್ಟಿದೆ ಎಂದು ರಾಮಾಂಜಿನಪ್ಪ, ನಿನ್ನ ಗಿಟಾರು ಒಲೆಗಿಡು ಎಂದು ನಲ್ಲಪ್ಪ.

ಹನ್ನೆರಡನೇ ದಿನ, ಮಂಗಳವಾರ, ಆ ಸದ್ದಿಗೆ ಅಕ್ಕಯಮ್ಮನ ಕೈ ತಪ್ಪಿ ನೂಲು ಹರಿಯುತ್ತದೆ. ಒದ್ದೆ ಕೈಯಲ್ಲೇ ಬೈಯಲು ಹೋಗಿ ಅಂಗಡಿ ಬಾಗಿಲಲ್ಲಿ ನಿಲ್ಲುತ್ತಾರೆ. ಬೈಯುವುದಿಲ್ಲ. ಇನ್ನೊಂದು ಸಲ ಹಾಕು ಅನ್ನುತ್ತಾರೆ, ಮತ್ತೂ ಒಂದು ಸಲ. ನೂಲು ಹಿಡಿದಂತೆ ಎರಡು ಬೆರಳು ಉಜ್ಜಿಕೊಳ್ಳುತ್ತಾರೆ.

“ಇದು ಒಬ್ಬನ ಕೈಯಲ್ಲ ಕಣ್ರಪ್ಪ. ಎರಡು ಬಾಣ್ಲೆ ಎಳೆ ಒಂದೇ ಚರಕಕ್ಕೆ ಹಾಕವ್ರೆ. ಒಂದು ಬಾಣ್ಲೇದು ಬೇಗ ಮುಗೀತದೆ, ಇನ್ನೊಂದು ಬರ್ತಾನೇ ಇರ್ತದೆ.”

ಬೇಗ ಆರುವ ಐದು ಸ್ವರ ಗಿಟಾರಿಗೆ, ಉಳಿಯುವ ಮೂರು ಹಾರ್ಮೋನಿಯಂಗೆ ಹಂಚಿ, ಇಬ್ಬರೂ ಒಟ್ಟಿಗೆ ನುಡಿಸುತ್ತಾರೆ. ಅದೇ ಏಟು. ಬಾಣಲೆ ಆರುತ್ತದೆ ಎಂದು ಅಕ್ಕಯಮ್ಮ ಹೊರಟುಬಿಡುತ್ತಾರೆ.

ರಾಮಾಂಜಿನಪ್ಪನನ್ನು ಆರ್ಕೆಸ್ಟ್ರಾದವರು ಸೇರಿಸಿಕೊಂಡರು. ಜೊತೆಗೆ ಹೋಗಿದ್ದ ನಲ್ಲಪ್ಪ ಶನಿವಾರ ಹಾರ್ಮೋನಿಯಂ ಹೊತ್ತು ಒಬ್ಬನೇ ಬಂದ. ಏಟಿನ ಒಗಟು ಬಿಡಿಸಿದ್ದು ಯಾರು ಎಂದು ಅಲ್ಲಿ ಯಾರೂ ಕೇಳಲಿಲ್ಲವಂತೆ, ಇವರಿಬ್ಬರೂ ಹೇಳಲಿಲ್ಲ. ಅಕ್ಕಯಮ್ಮನಿಗೆ ಅದರ ಬೇಜಾರಿಲ್ಲ. ಅವರ ಬೇಜಾರೇ ಬೇರೆ.

“ಹನ್ನೆರಡು ದಿನ ಮೊದಲ್ನೇ ಏಟೇ ಕೇಳಿದ್ದು. ಏಟು ಬೀಳ್ತಿದ್ದಂಗೇ ಮುಳ್ಳು ಎತ್ತಿಬಿಡೋವು, ಮುಂಡೇವು. ಆಮೇಲೆ ಅದೇನು ಹಾಡ್ತಾರೋ, ಒಂದ್ಸಲ ಪೂರ್ತಿ ಕೇಳ್ಬೇಕು ನಾನು.”

ಗುರುವಾರ ಬೆಳಿಗ್ಗೆಯೇ ಕೇಳೋಣವೆಂದು ಅವರು ಹೋಗಿದ್ದರು, ಅಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದಿತ್ತು. ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ರಾಮಾಂಜಿನಪ್ಪ ಮೊದಲ ಬಸ್ಸಿಗೇ ಹೋಗಿದ್ದ.