ಕಾಫಿ ನಿಲ್ಲದ ಲೋಟ

ಈ ಊರಿನಲ್ಲಿ ಸೊಟ್ಟ ಲೋಟ ಬರೆದರೂ ಚಪ್ಪಾಳೆ ತಟ್ಟುತ್ತಾರೆ! ಜಯನಗರದ ಒಂದು ಮನೆಯ ತಾರಸಿಯಲ್ಲಿ ನಡೆಯುವ ಭಾನುವಾರದ ಡ್ರಾಯಿಂಗ್ ಕ್ಲಾಸಿಗೆ ಸೇರಿದ ದಿನವೇ ನನಗಿದು ಗೊತ್ತಾಯಿತು. ಮೊದಲು ಗೆರೆ, ಆಮೇಲೆ ವೃತ್ತ, ಆಮೇಲೆ ಲೋಟ. ಬರೆದದ್ದನ್ನು ಗೋಡೆಗೆ ಅಂಟಿಸಬೇಕು, ಉಳಿದವರು ಅಭಿಪ್ರಾಯ ಹೇಳಬೇಕು. ಯಾರದ್ದೇ ಇರಲಿ, ಅಭಿಪ್ರಾಯ ಒಂದೇ: "ಸಖತ್ತಾಗಿದೆ!"

ನಮ್ಮ ಗದಗಿನಲ್ಲಿ ಹಾಗಲ್ಲ. ರಂಗೋಲಿ ಹಾಕಿ ಏಳುವಷ್ಟರಲ್ಲಿ ಎದುರುಮನೆಯ ಶಾಂತಕ್ಕ ಬಂದು, "ಯವ್ವಾ, ಏನಿದು, ಕೋಳಿ ಕೆದರಿದಂಗ ಐತಿ" ಎಂದು ಬೈದು, ತಾನೇ ಕೂತು ತಿದ್ದಿ, ಚಹಾ ಕುಡಿದು ಹೋಗುತ್ತಾಳೆ. ಅವಳ ರಂಗೋಲಿ ಸೊಟ್ಟಗಾದರೆ ನಾನೂ ಬೈಯದೆ ಬಿಡುವುದಿಲ್ಲ. ಬಿಟಿಎಂ ಲೇಔಟಿನ ನನ್ನ ಬಾಡಿಗೆ ಮನೆಗೆ ಬೈಯುವುದಕ್ಕೂ ಯಾರೂ ಬರುವುದಿಲ್ಲ, ಚಹಾಕ್ಕೂ ಬರುವುದಿಲ್ಲ. ನಾಲ್ಕು ಜನರ ಜೊತೆ ಕೂತು ಮಾತಾಡಲು ನನಗಿದ್ದದ್ದು ಆ ತಾರಸಿಯೊಂದೇ.

ಅದನ್ನೂ ಕಳೆದುಕೊಳ್ಳುವ ಕೆಲಸ ಮಾಡಿದೆ. ನಿವೃತ್ತ ಮೇಷ್ಟ್ರು ಶ್ರೀನಿವಾಸ ಅಂಕಲ್ ಒಂದು ಕಡೆ ವಾಲಿದ್ದ ತಮ್ಮ ಲೋಟ ಅಂಟಿಸಿದಾಗ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ.

"ಅಂಕಲ್, ಇದರಾಗ ಕಾಫಿ ಒಂದ್ ಹನೀನೂ ನಿಲ್ಲಂಗಿಲ್ರಿ. ಎಲ್ಲಾ ನಿಮ್ಮ ಪ್ಯಾಂಟಿನ ಮ್ಯಾಲ!"

ಕಲಿಸುವ ರೇವತಿ ಮೇಡಂ ಗಾಬರಿಯಲ್ಲಿ, "ಈಗ ಕಾಫಿ ಬ್ರೇಕ್ ತಗೊಳ್ಳೋಣ್ವಾ?" ಅಂದುಬಿಟ್ಟರು. ಅಂಕಲ್ ಹಾಳೆ ಮಡಚಿಕೊಂಡು, ಕಾಫಿ ಮುಟ್ಟದೆ ಹೊರಟೇ ಹೋದರು.

ವಾರವಿಡೀ "ಸಾರಿ ಅಂಕಲ್, ತಪ್ಪು ತಿಳ್ಕೋಬೇಡಿ" ಎಂದು ಬೆಂಗಳೂರಿನವರ ಹಾಗೆ ಹೇಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿದೆ.

ಮುಂದಿನ ಭಾನುವಾರ ಅಂಕಲ್ ಹಾಳೆಗಳ ಕಟ್ಟು ಹಿಡಿದು ಸೀದಾ ನನ್ನ ಹತ್ತಿರವೇ ಬಂದರು. ಬರೀ ಲೋಟಗಳು!

"ಮನೇಲಿರೋ ಲೋಟ ಎಲ್ಲಾ ಮುಂದಿಟ್ಕೊಂಡು ಬರ್ದೆ ಕಣ್ರೀ. ಕಾಫಿ ಕೊಡೋಕೆ ಒಂದ್ ಲೋಟಾನೂ ಬಿಟ್ಟಿಲ್ಲ ಅಂತ ನಮ್ಮನೆಯವ್ಳು ಬೈದ್ಲು. ಈಗ ನಿಲ್ಲುತ್ತಾ ನೋಡಿ."

"ನಿಲ್ತೈತ್ರಿ ಅಂಕಲ್."

"ಹಾಗಾದ್ರೆ ನಿಮ್ದೂ ಹೇಳ್ತೀನಿ. ಬಾಯಿ ದುಂಡಗೆ ಬರ್ದು ತಳ ಚಪ್ಪಟೆ ಮಾಡಿದೀರ. ತಳಾನೂ ಬಾಗ್ಬೇಕು."

ಇಷ್ಟು ದಿನ ಎಲ್ಲರೂ ಸಖತ್ ಎಂದಿದ್ದ ಲೋಟ! ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಅಂಕಲ್ ನನ್ನ ಪೆನ್ಸಿಲ್ ಕಿತ್ತುಕೊಂಡು ತಳ ತಿದ್ದಿ, ಆಮೇಲೆ ಪಕ್ಕದಲ್ಲೇ ಕೂತು ಕಾಫಿ ಕುಡಿದರು.

ದೀಪಾವಳಿಗೆ ಗದಗಿಗೆ ಹೋದೆ. ಶಾಂತಕ್ಕನ ರಂಗೋಲಿ ಒಂದು ಕಡೆ ಎಳೆದುಕೊಂಡಿತ್ತು. ನನ್ನ ಬಾಯಿಂದ ತಾನಾಗಿ ಬಂತು: "ಸಖತ್ತಾಗಿದೆ ಶಾಂತಕ್ಕ. ಈ ಕಡೆ ಒಂಚೂರು..."

ಶಾಂತಕ್ಕ ರಂಗೋಲಿ ಬಟ್ಟಲು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಅಯ್ಯ ನನ್ನವ್ವಾ, ಬೆಂಗಳೂರಾಕಿ ಆಗೇ ಬಿಟ್ಟೆಲ್ಲಾ! ಇನ್ನ ನನಗ ಬೈಯಾವ್ರು ಯಾರ?"